ಇಪ್ಪತ್ತೊಂಬತ್ತನೆಯ ಸಾಲು

"ಭೂಮಿ ಮೇಲಿರೋ ಅಷ್ಟೂ ಕಂಪ್ಯೂಟರ್‌ಗಳನ್ನ ಒಂದು ಸಲ ಅರ್ಧ ನಿಮಿಷ ನಿಲ್ಲಿಸಿ, ಮತ್ತೆ ಓಡಿಸಿದವನು ನಾನು. ಒಬ್ಬರಿಗೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗ್ಬೇಕು? ಗಡಿಯಾರಗಳೂ ನಿಂತುಹೋಗಿದ್ವಲ್ಲ!"

ಹೀಗೆ ಹೇಳುವಾಗ, ಬಡಾಯಿಯಿಂದಲೇ ಆ ಅಡ್ಡಹೆಸರು ಪಡೆದ ತುತ್ತೂರಿ ಹೆಣದ ಪೆಟ್ಟಿಗೆಯ ಮುಂದಿನ ಎಡಮೂಲೆಗೆ ಹೆಗಲು ಕೊಟ್ಟು, ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ತಿರುಗುವ ಮೆಟ್ಟಿಲಿನ ಮೇಲೆ ಒಂಟಿಕಾಲಲ್ಲಿ ನಿಂತಿದ್ದ. ಆ ಮೆಟ್ಟಿಲು ಎಷ್ಟು ಕಿರಿದೆಂದರೆ ಎರಡು ಬೆಕ್ಕು ಎದುರುಬದುರಾದರೆ ಒಂದು ಹಿಮ್ಮುಖವಾಗಿ ಕೆಳಗಿಳಿಯಬೇಕು. ಅಂಥದ್ದರಲ್ಲಿ ಆರು ಜನ, ಒಂದು ಪೆಟ್ಟಿಗೆ, ಅದರ ಮೇಲೆ ಇವನ ಮಾತು.

"ಬಾಯಿ ಮುಚ್ಕೊಂಡು ಮೆಟ್ಟಿಲು ನೋಡಯ್ಯಾ," ಎಂದ ಹಿಂದಿನಿಂದ ಪಂಪ್‌ಮನ್. ನಗರಸಭೆಯ ನೀರಿನ ಪಂಪ್‌ಮನೆಯಲ್ಲಿ ಇಪ್ಪತ್ತು ವರ್ಷ ಕಳೆದ ಅವನಿಗೆ ಗುಟ್ಟು ಹೇಳುವಾಗಲೂ ಕೂಗಿಯೇ ಅಭ್ಯಾಸ. "ಪೆಟ್ಟಿಗೆ ನಿನ್ನ ಕಡೆ ವಾಲ್ತಿದೆ. ಮೇಷ್ಟ್ರು ನಿನ್ನ ಮೇಲೇ ಬೀಳ್ತಾರೆ ನೋಡು."

"ಬೀಳಲಿ ಬಿಡು. ಹದಿನಾಲ್ಕು ವರ್ಷ ಅವರ ಕೈಕೆಳಗಿದ್ದೆ, ದಿನಾ ನನ್ನ ಮೇಲೆ ಬೀಳ್ತಾನೇ ಇದ್ರು. ಇವತ್ತೊಂದು ದಿನ ಹೆಚ್ಚಾಗುತ್ತಾ?"

ಮೇಲೆ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿಗೆ ನಗು ಬಂದುಬಿಟ್ಟಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಆರು ತಿಂಗಳ ಕಾಯಿಲೆ ನಿನ್ನೆ ಸಂಜೆಗೆ ಮುಗಿದಿತ್ತು. ಅವರು ಒಂದು ಗಂಟೆ ಅತ್ತು, ಆಮೇಲೆ ಒಂಬತ್ತು ಗಂಟೆ ನಿದ್ದೆ ಮಾಡಿದ್ದರು. ಬಂದವರಿಗೆಲ್ಲ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಲೂ ಇದ್ದರು. "ಅವರಿಗೆ ನೋವು ಹೋಯ್ತು, ನನಗೆ ನಿದ್ದೆ ಬಂತು. ಇದರಲ್ಲಿ ನಾಚಿಕೆ ಪಡೋದೇನಿದೆ?"

ತುತ್ತೂರಿಯ ಲೆಕ್ಕದಲ್ಲಿ ಆ ಪೆಟ್ಟಿಗೆ ಮರಿಯಾನೆಯಷ್ಟು ಭಾರವಿತ್ತು, ಅದರಲ್ಲಿ ಮುಕ್ಕಾಲು ಪಾಲು ಅವನ ಹೆಗಲ ಮೇಲಿತ್ತು. ನಿಜಕ್ಕೂ ಒಳಗಿದ್ದವರು ಸವೆದು ಸವೆದು, ಹೊರಲು ಆರು ಜನ ಬಂದದ್ದಕ್ಕೆ ಆರೂ ಜನ ನಾಚಿಕೊಳ್ಳುವಷ್ಟು ಹಗುರವಾಗಿದ್ದರು. ಬೆಳಗಿನಿಂದ ಅವನು ಬಡಾಯಿ ಕೊಚ್ಚುತ್ತಿದ್ದುದು ಯಾರನ್ನೋ ನಗಿಸುವುದಕ್ಕಲ್ಲ; ಬಾಯಿ ನಿಂತರೆ ಎದೆಯ ಢವಢವ ಊರಿಗೆಲ್ಲ ಕೇಳಿಸೀತೆಂಬ ಭಯಕ್ಕೆ.

ಮಧ್ಯಾಹ್ನ ಮೂರಕ್ಕೆ ನಗರಸಭೆಯ ಕಂಪ್ಯೂಟರ್‌ಗಳಲ್ಲಿ ಮೇಷ್ಟ್ರ ಲಾಗಿನ್ ಖಾತೆ ಮುಚ್ಚಲಿತ್ತು. ಅದು ಮುಚ್ಚಿದರೆ ಊರೇ ನಿಲ್ಲುತ್ತದೆ. ಹಾಗೆಂದು ಗೊತ್ತಿದ್ದವನು ಇಡೀ ಪ್ರಪಂಚದಲ್ಲಿ ತುತ್ತೂರಿಯೊಬ್ಬನೇ. ಇದೊಂದು ಮಾತಿನಲ್ಲಿ ಮಾತ್ರ ಎಳ್ಳಷ್ಟೂ ಬಡಾಯಿಯಿಲ್ಲವೆಂದು ಅವನು ನಂಬಿದ್ದ.

*

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಗರಸಭೆಯ ಜಾಲದಲ್ಲಿ ಒಂದು ಡೈರೆಕ್ಟರಿ ಇದೆ. ಆಫೀಸಿನವರ ಬಾಯಲ್ಲಿ ಅದು ಬರೀ 'ಪಟ್ಟಿ'. ಯಾರೇ ಯಾವ ಕಂಪ್ಯೂಟರಿನ ಮುಂದೆ ಕೂತು ಹೆಸರು, ಪಾಸ್‌ವರ್ಡ್ ಒತ್ತಿದರೂ ಆ ಕಂಪ್ಯೂಟರು ಮೊದಲು ಪಟ್ಟಿಯನ್ನು ಕೇಳುತ್ತದೆ: ಈ ಮನುಷ್ಯ ನಮ್ಮವನಾ? ಯಾವ ಬಾಗಿಲು ತೆಗೆಯಬಹುದು, ಯಾವ ಕಡತ ನೋಡಬಹುದು, ಯಾವ ಪ್ರಿಂಟರಿಗೆ ಕಾಗದ ಕಳಿಸಬಹುದು? ಪಟ್ಟಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಇಪ್ಪತ್ತಾರು ವರ್ಷ ಆ ಪಟ್ಟಿಯನ್ನು ಹಾಜರಿ ಪುಸ್ತಕದ ಹಾಗೆ ಎದೆಗವಚಿಕೊಂಡು ಕಾಪಾಡಿದ್ದಕ್ಕೆ ಅವರು ಮೇಷ್ಟ್ರಾದರು.

ಅವರಿಗೆ ಒಂದು ಚಾಳಿಯಿತ್ತು. ಕೆಲಸ ಬಿಟ್ಟವರ, ನಿವೃತ್ತರಾದವರ, ಸತ್ತವರ ಖಾತೆಯನ್ನು ಮುಚ್ಚುತ್ತಿದ್ದರೇ ಹೊರತು ಹೆಸರನ್ನು ಅಳಿಸುತ್ತಿರಲಿಲ್ಲ. ಪಟ್ಟಿಯಲ್ಲೇ 'ಹೋದವರು' ಎಂದೊಂದು ಭಾಗ ಮಾಡಿ ಅಲ್ಲಿಗೆ ಸಾಗಿಸುತ್ತಿದ್ದರು. ಪ್ರತಿ ಹೆಸರಿನ ಕೆಳಗೂ ವಿವರ ಬರೆಯಲು ಒಂದು ಪುಟ್ಟ ಜಾಗವಿರುತ್ತದೆ. ಬೇರೆ ಊರುಗಳಲ್ಲಿ ಅದನ್ನು ಖಾಲಿ ಬಿಡುತ್ತಾರೆ. ಮೇಷ್ಟ್ರು ಬಿಡುತ್ತಿರಲಿಲ್ಲ.

'ಬೀದಿದೀಪ ವಿಭಾಗ. ಹತ್ತೊಂಬತ್ತು ವರ್ಷ. ಏಣಿ ಎಂದರೆ ಹೆದರುತ್ತಿದ್ದರು, ಆದರೂ ಹತ್ತುತ್ತಿದ್ದರು.'

'ತೆರಿಗೆ ಕೌಂಟರ್. ಜನ ಕೂರಲು ಬೆಂಚು ಹಾಕಿಸಿದವರು ಇವರೇ.'

"ಇದನ್ನ ಯಾರು ಓದ್ತಾರೆ ಮೇಷ್ಟ್ರೇ?" ಎಂದು ತುತ್ತೂರಿ ಒಮ್ಮೆ ಕೇಳಿದ್ದ.

"ನೀನು ಈಗ ಓದ್ಲಿಲ್ವಾ?" ಎಂದಿದ್ದರು ಮೇಷ್ಟ್ರು, ಪರದೆಯಿಂದ ಕಣ್ಣು ತೆಗೆಯದೆ.

ಅಂಥವರೂ ಒಂದು ತಪ್ಪು ಮಾಡಿದ್ದರು. ಮೊದಮೊದಲು ನಗರಸಭೆಯ ಕಂಪ್ಯೂಟರ್ ಕೋಣೆಯಲ್ಲಿ ಅವರೊಬ್ಬರೇ. ಹೊತ್ತುಹೊತ್ತಿಗೆ ತಾನಾಗಿಯೇ ಓಡಬೇಕಾದ ಕೆಲಸಗಳಿದ್ದವು: ಪಂಪುಗಳ ವೇಳಾಪಟ್ಟಿ, ಪುಸ್ತಕ ಮರಳಿಸಿ ಎಂದು ಗ್ರಂಥಾಲಯ ಕಳಿಸುವ ಪತ್ರಗಳು, ಚಿತಾಗಾರದ ಸರದಿ. ಅಂಥ ಪ್ರತಿ ಕೆಲಸವೂ ಯಾರದಾದರೂ ಖಾತೆಯ ಮೇಲೆ ಓಡಬೇಕು. ಹೊಸ ಖಾತೆಗೆ ಆಫೀಸಿನಿಂದ ಪತ್ರ ಬರಲು ಮೂರು ತಿಂಗಳು ಹಿಡಿಯುತ್ತಿತ್ತು. "ಸದ್ಯಕ್ಕೆ ನನ್ನ ಹೆಸರಲ್ಲೇ ಇರಲಿ," ಎಂದು ಒಂದಕ್ಕೆ ಹಾಕಿದರು. ಆ 'ಸದ್ಯಕ್ಕೆ' ಬೆಳೆದು ಬೆಳೆದು ಇಪ್ಪತ್ತು ವರ್ಷವಾಯಿತು. ಕಾಯಿಲೆ ಹಿಡಿದ ಮೇಲೆ ಅವರು ಒಂದು ಹಾಳೆಯಲ್ಲಿ ಸಾಲುಸಾಲಾಗಿ ಎಲ್ಲವನ್ನೂ ಬರೆದು ತುತ್ತೂರಿಯ ಕೈಗಿಟ್ಟರು. ಕೊನೆಯ ಸಾಲಿನ ಸಂಖ್ಯೆ ನಲವತ್ತೊಂದು.

"ಒಂದೊಂದಕ್ಕೂ ಬೇರೆ ಖಾತೆ ಮಾಡು. ನನ್ನ ಹೆಸರಿಂದ ಬಿಡಿಸು. ನನಗೇ ಮೆಟ್ಟಿಲು ಹತ್ತೋಕಾಗ್ತಿಲ್ಲ, ಊರಿಗೆಲ್ಲ ನಾನು ನೀರು ಹತ್ತಿಸ್ತಾ ಕೂರೋದು ಚೆನ್ನಾಗಿರಲ್ಲ ಕಣಯ್ಯಾ."

"ಇಷ್ಟೇನಾ? ಊಟಕ್ಕೆ ಮುಂಚೆ ಮುಗಿಸ್ತೀನಿ!"

ಹದಿನೈದು ದಿನ ಬಿಟ್ಟು ಹಾಳೆ ವಾಪಸು ಹೋಯಿತು. ಒಂದರಿಂದ ನಲವತ್ತೊಂದರವರೆಗೆ ಪೆನ್ಸಿಲಿನ ಟಿಕ್ಕು, ಒಂದಕ್ಕಿಂತ ಒಂದು ಸೊಗಸು. ಅದರಲ್ಲಿ ಒಂದನ್ನೂ ತುತ್ತೂರಿ ಮಾಡಿರಲಿಲ್ಲ. ಯಾಕೆಂದು ಅವನು ತನಗೆ ತಾನೇ ಹೇಳಿಕೊಂಡ ಕಾರಣ: ಪುರುಸೊತ್ತಾಗಲಿಲ್ಲ.

*

ಶವದ ವ್ಯಾನಿನ ಹಿಂದಿನ ಬಸ್ಸಿನಲ್ಲಿ ಅವನು ಸಿಬ್ಬಂದಿ ವಿಭಾಗದ ಮೇಡಂ ಪಕ್ಕದ ಸೀಟನ್ನು ಹುಡುಕಿಕೊಂಡು ಹೋಗಿ ಕೂತ. ಇಡೀ ನಗರಸಭೆಯಲ್ಲಿ ಯಾರು ಬಂದರು, ಯಾರು ಹೋದರು ಎಂದು ಬರೆಯುವವರು ಈ ಮೇಡಂ. ಅವರ ನೋಟಕ್ಕೆ ಗೋಡೆಯ ಸುಣ್ಣ ತಾನಾಗಿ ಉದುರುತ್ತದೆಂದು ಪ್ರತೀತಿ. ಉದುರಿದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆಂದು ತುತ್ತೂರಿ ಆಣೆ ಹಾಕಿ ಹೇಳುತ್ತಿದ್ದ.

"ಮೇಡಂ, ಮೇಷ್ಟ್ರ ಖಾತೆ ಇವತ್ತೇ ಮುಚ್ಚಬೇಕಾ? ಒಂದು ವಾರ ಇರಲಿ. ಗೌರವಕ್ಕೆ."

"ಹೋದ ಮರುದಿನ ಮೂರು ಗಂಟೆಗೆ. ನಿಯಮ."

"ಯಾರು ಮಾಡಿದ್ದು ಇಂಥ ಕಲ್ಲುಹೃದಯದ ನಿಯಮ?"

"ಮೇಷ್ಟ್ರೇ," ಎಂದರು ಮೇಡಂ. "ನಿನ್ನೆ ರಾತ್ರಿಯೇ ನಾನು ದಿನಾಂಕ ತುಂಬಿದ್ದೀನಿ. ಮೂರಕ್ಕೆ ತಾನಾಗೇ ಮುಚ್ಚುತ್ತೆ. ನಿಮಗ್ಯಾಕೆ ಚಿಂತೆ? ಅವರ ಹೆಸರಲ್ಲಿದ್ದ ಕೆಲಸವೆಲ್ಲ ನೀವು ಬಿಡಿಸಿ ಆಯ್ತಲ್ಲ?"

"ಆಯ್ತಲ್ಲ! ಚಿಟಿಕೆ ಹೊಡೆಯೋಷ್ಟರಲ್ಲಿ."

"ಮತ್ತೆ?"

ತುತ್ತೂರಿ ಕಿಟಕಿಯತ್ತ ತಿರುಗಿದ. ಕೈಯಲ್ಲಿ ಫೋನಿದೆ, ಆದರೆ ಆಫೀಸಿನ ಹೊರಗಿನಿಂದ ಪಟ್ಟಿಯನ್ನು ಮುಟ್ಟುವಂತಿಲ್ಲ. ಅದೂ ಮೇಷ್ಟ್ರ ನಿಯಮವೇ. ಬಸ್ಸಿಳಿದು ಆಫೀಸಿಗೆ ಓಡಿದರೂ ನಲವತ್ತೊಂದು ಕೆಲಸ ಮೂರು ದಿನದ್ದು. ಈಗ ಗಂಟೆ ಎರಡೂಮುಕ್ಕಾಲು. ಎಲ್ಲಕ್ಕಿಂತ ಘೋರವಾದದ್ದು ಹದಿನೇಳನೆಯ ಸಾಲು. ಅದು ಅವನಿಗೆ ಬಾಯಿಪಾಠ: 'ಚಿತಾಗಾರದ ಸರದಿ. ಕಾಲುಗಂಟೆಗೊಮ್ಮೆ ಮುಂದಿನ ಹೆಸರನ್ನು ಕುಲುಮೆಯ ಕಂಪ್ಯೂಟರಿಗೆ ಕಳಿಸುವುದು.' ಹೆಸರು ಬಾರದೆ ಕುಲುಮೆಯ ಬಾಗಿಲು ತೆರೆಯದು. ಮೇಷ್ಟ್ರ ಸರದಿ ಮೂರೂಕಾಲಕ್ಕೆ.

ಅಂದರೆ ಮೂರಕ್ಕೆ ಮೇಷ್ಟ್ರ ಖಾತೆ ಮುಚ್ಚುತ್ತದೆ. ಖಾತೆ ಮುಚ್ಚಿದ್ದರಿಂದ ಮೂರೂಕಾಲಕ್ಕೆ ಮೇಷ್ಟ್ರ ಹೆಸರು ಬರುವುದಿಲ್ಲ. ಹೆಸರು ಬಾರದೆ ಮೇಷ್ಟ್ರು ಬಾಗಿಲಾಚೆ ಹೋಗುವುದಿಲ್ಲ. ಹೆಂಡತಿ, ಆಫೀಸಿನವರು, ಎಲ್ಲರ ಮುಂದೆ ಅವರು ಹಾಗೇ ಮಲಗಿರುತ್ತಾರೆ, ತುತ್ತೂರಿಯ ಕಡೆ ಕೈ ತೋರಿಸಿದ ಹಾಗೆ.

"ಯಾಕ್ರೀ ಇಷ್ಟು ಬೆವರ್ತಿದ್ದೀರಿ?" ಎಂದರು ಮೇಡಂ.

"ದುಃಖ ಮೇಡಂ. ನನ್ನದು ದುಃಖ ಬಂದ್ರೆ ಕಣ್ಣಲ್ಲಿ ಬರಲ್ಲ, ಬೆನ್ನಲ್ಲೇ ಬರೋದು."

*

ಚಿತಾಗಾರದ ಅಂಗಳದಲ್ಲಿ ಒಂದು ಬೆಂಚು, ಒಂದು ನಲ್ಲಿ, ಒಂದು ಹೊಂಗೆಯ ಮರ. ಒಳಗೆ ಬಿಳಿ ಗೋಡೆಯ ಕೋಣೆ. ಕುಲುಮೆಯ ಆಪರೇಟರ್ ತನ್ನ ಕಂಪ್ಯೂಟರಿನ ಮುಂದೆ ಕನ್ನಡಕ ಒರೆಸುತ್ತ ಕೂತಿದ್ದ. ಅವನ ತಲೆಯ ಮೇಲೆ ಗೋಡೆ ಗಡಿಯಾರ.

ಗಡಿಯಾರದ ಮುಳ್ಳು ಮೂರಕ್ಕೆ ಬಂತು. ಮೂರು ದಾಟಿತು. ಪಂಪ್‌ಮನ್ ನಾಲ್ಕು ಮಾತು ಹೇಳಲು ಎದ್ದ.

"ಮೇಷ್ಟ್ರ ಬಗ್ಗೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ," ಎಂದು ಅವನು ಕೋಣೆ ಅದುರುವಂತೆ ಶುರುಮಾಡಿದ. "ಇಪ್ಪತ್ತು ವರ್ಷದಲ್ಲಿ ಅವರಿಗೆ ನಾನು ಫೋನ್ ಮಾಡಿದ್ದು ಮೂರೇ ಸಲ. ಯಾಕಂದ್ರೆ ಯಾವತ್ತೂ ಏನೂ ಕೆಡ್ತಿರಲಿಲ್ಲ. ಮೂರನೇ ಸಲ ಫೋನ್ ಮಾಡಿದ್ದು ಮಗಳ ಮದುವೆಗೆ ಕರೆಯೋಕೆ. ಅಷ್ಟೇ." ಎಂದವನೇ ಕೂತುಬಿಟ್ಟ.

ಮೂರೂಕಾಲು. ಆಪರೇಟರ್ ಪರದೆಯತ್ತ ಬಾಗಿದ.

"ಹೆಸರು ಬಂದಿಲ್ಲ," ಎಂದ.

ಕೋಣೆಯ ಗಾಳಿಯನ್ನು ಯಾರೋ ಒಂದೇ ಗುಟುಕಿಗೆ ಕುಡಿದ ಹಾಗಾಯಿತು. ತುತ್ತೂರಿ ಗೋಡೆ ಹಿಡಿದುಕೊಂಡ. ಅವನ ಕಣ್ಣಿಗೆ ಊರಿನ ನಲ್ಲಿಗಳೆಲ್ಲ ಒಣಗಿದವು, ಬೀದಿದೀಪಗಳೆಲ್ಲ ಹಗಲಲ್ಲೇ ಆರಿದವು, ಗ್ರಂಥಾಲಯದ ಬಾಗಿಲೊಳಗೆ ಇನ್ನೂರು ಜನ ಸಿಕ್ಕಿಕೊಂಡು ಒಬ್ಬರಿಗೊಬ್ಬರು ಪುಸ್ತಕ ಓದಿ ಹೇಳತೊಡಗಿದರು. ಒಂದು ನಿಮಿಷ. ಎರಡು ನಿಮಿಷ. ಮೂರು. ಯಾರೋ ಕೆಮ್ಮಿದರು. ಮೇಷ್ಟ್ರ ಹೆಂಡತಿ ಮಾತ್ರ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ನೆಮ್ಮದಿಯಾಗಿ ಕೂತಿದ್ದರು.

"ಮೇಡಂ," ಎಂದ ತುತ್ತೂರಿ. ದನಿ ಇಲಿಮರಿಯದಾಗಿತ್ತು. "ನಿಮಗೆ ಒಂದು ಮಾತು ಹೇಳ್ಬೇಕು. ಆ ಟಿಕ್ಕುಗಳು..."

"ಹೋ, ಮರೆತೇಬಿಟ್ಟೆ," ಎಂದ ಆಪರೇಟರ್, ತಲೆಯೆತ್ತಿ ಗಡಿಯಾರ ನೋಡಿ. "ಇದು ನಾಲ್ಕು ನಿಮಿಷ ಮುಂದಿದೆ. ನಮ್ಮಲ್ಲಿ ಬರೋರು ಯಾರೂ ಅವಸರ ಮಾಡಲ್ಲ ನೋಡಿ, ಸರಿ ಮಾಡೋ ಗೋಜಿಗೇ ಹೋಗಿಲ್ಲ."

ಅವನ ಮಾತು ಮುಗಿದು ಇನ್ನೊಂದು ಉಸಿರೆಳೆಯುವಷ್ಟರಲ್ಲಿ ಪರದೆ ಒಮ್ಮೆ ಮಿನುಗಿತು.

"ಬಂತು," ಎಂದ ಆಪರೇಟರ್.

ಹೆಸರು ಬಂದಿತ್ತು. ಕುಲುಮೆಯ ಬಾಗಿಲು ಎಣ್ಣೆ ಬಿಟ್ಟ ಹಾಗೆ ಸದ್ದಿಲ್ಲದೆ ಮೇಲೆದ್ದಿತು. ಪೆಟ್ಟಿಗೆ ಒಳಗೆ ಸರಿಯಿತು. ಅದೇ ಹೊತ್ತಿಗೆ ಹೊರಗೆ ಅಂಗಳದ ನಲ್ಲಿ ಎರಡು ಸಲ ಬಿಕ್ಕಳಿಸಿ, ಉಸ್ಸೆಂದು, ಧಾರೆಯಾಗಿ ಸುರಿಯತೊಡಗಿತು.

"ಮೂರೂಕಾಲರ ಪಂಪು!" ಎಂದು ಪಂಪ್‌ಮನ್ ಕಣ್ಣೊರೆಸಿಕೊಳ್ಳುತ್ತಲೇ ಕೂಗಿದ. "ತಾನಾಗೇ ಶುರುವಾಯ್ತು ನೋಡಿ!"

*

ನಿಲ್ಲಬೇಕಾದ ಊರು ನಿಲ್ಲಲಿಲ್ಲ ಎಂಬುದು ಮನಸ್ಸಿಗೆ ಇಳಿಯುತ್ತಲೇ ತುತ್ತೂರಿಯ ಎದೆ ಮತ್ತೆ ಅರ್ಧ ಅಡಿ ಅಗಲವಾಯಿತು. ಹೇಗೆ ನಿಲ್ಲಲಿಲ್ಲ ಎಂದು ಅವನು ಕೇಳಿಕೊಳ್ಳಲಿಲ್ಲ. ಹೊಳೆ ದಾಟಿದ ಮೇಲೆ ಸೇತುವೆ ಯಾರು ಕಟ್ಟಿದರೆಂದು ಅವನು ಯಾವತ್ತು ಕೇಳಿದ್ದ?

ಎಲ್ಲರೂ ಅಂಗಳಕ್ಕೆ ಬಂದರು. ಮೇಷ್ಟ್ರ ಹೆಂಡತಿ ಬೆಂಚಿನ ಮೇಲೆ ಕೂತರು, ಮೇಡಂ ಅವರ ಪಕ್ಕದಲ್ಲಿ. ಪಂಪ್‌ಮನ್ ನಲ್ಲಿಯಲ್ಲಿ ಮುಖ ತೊಳೆದ.

"ಒಪ್ಪಿಕೊಳ್ಳಲೇಬೇಕು," ಎಂದರು ಮೇಡಂ, ಯಾರನ್ನೂ ಹೊಗಳಿ ಅಭ್ಯಾಸವಿಲ್ಲದ ಬಾಯಿಂದ. "ಮೂರು ಗಂಟೆಗೆ ನನಗೂ ಸ್ವಲ್ಪ ಹೆದರಿಕೆ ಇತ್ತು. ಏನೂ ಆಗಲಿಲ್ಲ. ನೀವು ಕೆಲಸ ಸರಿಯಾಗಿ ಮಾಡಿದ್ದೀರಿ."

"ಸರಿಯಾಗಿ?" ಎಂದ ತುತ್ತೂರಿ. "ಮೇಡಂ, ಅದನ್ನ ಕೆಲಸ ಅಂತೀರಾ? ಯುದ್ಧ! ನಲವತ್ತೊಂದು ಕೆಲಸ, ಕೂತಲ್ಲಿಂದ ಎದ್ದಿಲ್ಲ. ನೀರು ಕುಡಿಯಲಿಲ್ಲ, ರೆಪ್ಪೆ ಬಡಿಯಲಿಲ್ಲ. ಹತ್ತನೇದು ಮುಗಿಯೋ ಹೊತ್ತಿಗೆ ಕೀಬೋರ್ಡಿಂದ ಹೊಗೆ. ಮೇಷ್ಟ್ರು ಫೋನ್ ಮಾಡಿ, ಸಾಕು ಕಣೋ, ಸ್ವಲ್ಪ ಮಲಗು ಅಂತ ಅತ್ತುಬಿಟ್ರು."

"ಇಪ್ಪತ್ತೊಂಬತ್ತನೇದು ಹೇಗಿತ್ತಪ್ಪಾ?" ಎಂದು ಮೇಷ್ಟ್ರ ಹೆಂಡತಿ ಮೆಲ್ಲಗೆ ಕೇಳಿದರು.

"ಅಯ್ಯೋ ಅಕ್ಕಾ, ಅದೊಂದನ್ನ ಕೇಳಬೇಡಿ! ಉಳಿದ ನಲವತ್ತು ಒಂದು ತೂಕ, ಅದೊಂದೇ ಒಂದು ತೂಕ. ಮೂರು ಸಲ ಬಿತ್ತು. ಮೂರು ಸಲವೂ ಕುತ್ತಿಗೆ ಹಿಡಿದು ಎತ್ತಿ ನಿಲ್ಲಿಸಿದೆ. ಈಗಲೂ ಕನಸಲ್ಲಿ ಬರುತ್ತೆ, ಆ ಇಪ್ಪತ್ತೊಂಬತ್ತನೇದು."

ಅಕ್ಕ ಕೈಚೀಲ ತೆರೆದು ನಾಲ್ಕು ಮಡಿಕೆಯ ಹಾಳೆಯೊಂದನ್ನು ಹೊರತೆಗೆದರು. ಬಿಡಿಸಲಿಲ್ಲ. ಮಡಿಲಲ್ಲಿ ಇಟ್ಟುಕೊಂಡರು.

"ಇಪ್ಪತ್ತೊಂಬತ್ತನೇ ಸಾಲು ಆಗ ಖಾಲಿ ಇತ್ತು ಕಣಪ್ಪಾ," ಎಂದರು. "ಬೇಕಂತಲೇ ಏನೂ ಬರೆಯದೆ ಬಿಟ್ಟಿದ್ರು. ನೀನು ಅದಕ್ಕೂ ಟಿಕ್ ಹಾಕಿದ್ದೆ."

ಪಂಪ್‌ಮನ್ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದ, ಒಂದು ಮಾತೂ ತಪ್ಪಿಹೋಗದಿರಲೆಂದು.

"ಹಾಗಾದ್ರೆ ಉಳಿದದ್ದು ಯಾರು ಮಾಡಿದ್ದು?" ಎಂದರು ಮೇಡಂ.

"ನಾನು," ಎಂದರು ಅಕ್ಕ.

"ನೀವಾ?"

"ಆಸ್ಪತ್ರೆ ಹಾಸಿಗೆ ಮೇಲೆ ಆಫೀಸಿನ ಲ್ಯಾಪ್‌ಟಾಪ್. ಅದೊಂದರಿಂದ ಮಾತ್ರ ಪಟ್ಟಿಗೆ ಹೋಗೋಕೆ ಇವರು ದಾರಿ ಇಟ್ಕೊಂಡಿದ್ರು. ಇವರಿಗೆ ಕೈ ನಡುಕ. ಇವರು ಒಂದೊಂದೇ ಅಕ್ಷರ ಹೇಳೋರು, ನಾನು ಒತ್ತೋದು. ನನಗೆ ಅದರ ತಲೆ ಬಾಲ ಗೊತ್ತಿಲ್ಲ. ದಿನಕ್ಕೆ ಎರಡು, ಇಪ್ಪತ್ತು ದಿನ. ಪಾಸ್‌ವರ್ಡ್ ಮಾತ್ರ ನನಗೂ ಹೇಳ್ಲಿಲ್ಲ ನೋಡಿ. ಮೂವತ್ತನಾಲ್ಕು ವರ್ಷದ ಹೆಂಡತಿ ನಾನು. ಆ ಕಡೆ ತಿರುಗು ಅಂತ ಹೇಳಿ, ನಡುಗೋ ಬೆರಳಲ್ಲಿ ತಾವೇ ಒತ್ತೋರು. ಅಷ್ಟು ಹೊತ್ತು ನಾನು ಕಿಟಕಿ ನೋಡ್ತಾ ನಿಂತಿರೋದು." ಅಕ್ಕ ನಕ್ಕರು. "ಕೊನೆ ಸಲ ಒತ್ತಿ ಆದಮೇಲೆ, ಅಬ್ಬಾ ಅಂದ್ರು. ಅವತ್ತಿಂದ ನೋವಿನ ಮಾತ್ರೆ ಅರ್ಧಕ್ಕೆ ಇಳೀತು."

ತುತ್ತೂರಿ ಬೆಂಚಿನ ಮುಂದೆ ನೆಲದ ಮೇಲೆಯೇ ಕೂತುಬಿಟ್ಟ.

"ನನಗ್ಯಾಕೆ ಹೇಳ್ಲಿಲ್ಲ ಅಕ್ಕಾ?"

"ನಾನೂ ಅದನ್ನೇ ಕೇಳ್ದೆ. ಹೇಳಿದ್ರೂ ತಾನೇ ಮಾಡ್ದೆ ಅಂತಾನೆ, ಹೇಳದಿದ್ರೂ ತಾನೇ ಮಾಡ್ದೆ ಅಂತಾನೆ, ಸುಮ್ನೆ ಯಾಕೆ ಶ್ರಮ ಅಂದ್ರು."

ಪಂಪ್‌ಮನ್ ಗಹಗಹಿಸಿ ನಕ್ಕು, ಎಲ್ಲಿದ್ದೇನೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ. ಮೇಡಂ ನಗಲಿಲ್ಲ. ತುತ್ತೂರಿ ಬಾಯಿ ತೆರೆದ. ಹೊಸ ಕತೆಯೊಂದು ನಾಲಿಗೆಯ ತುದಿಗೆ ಬಂದಿತ್ತು, ಒಳ್ಳೆಯ ಕತೆಯೇ. ಅದನ್ನು ನುಂಗಿದ.

"ಒಂದೂ ಮಾಡಿಲ್ಲ," ಎಂದ. "ಪುರುಸೊತ್ತಿರಲಿಲ್ಲ ಅನ್ನೋದೂ ಸುಳ್ಳು. ಮೊದಲನೇದನ್ನ ಮುಟ್ಟಿದೆ. ಗ್ರಂಥಾಲಯದ ಪ್ರಿಂಟರ್ ಒಂದು ಗಂಟೆ ನಿಂತುಹೋಯ್ತು. ಹೇಗಿತ್ತೋ ಹಾಗೆ ವಾಪಸ್ ಇಟ್ಟೆ. ಅವತ್ತಿಂದ ಹಾಳೆ ನೋಡಿದ್ರೆ ಕೈ ತಣ್ಣಗಾಗೋದು. ಪ್ರಿಂಟರೇ ಹೀಗಾದ್ರೆ ಪಂಪ್ ಮುಟ್ಟೋದು ಹೇಗೆ? ಭಯ ಆಯ್ತು ಅಕ್ಕಾ. ಗೊತ್ತಿಲ್ಲ ಅಂತ ಹೇಳೋಕೆ ಅದಕ್ಕಿಂತ ಭಯ ಆಯ್ತು."

"ನಾಳೆ ಹತ್ತು ಗಂಟೆಗೆ ನನ್ನ ಕೋಣೆಗೆ ಬನ್ನಿ," ಎಂದರು ಮೇಡಂ. "ಇಷ್ಟನ್ನೇ ಬರೆದು ಕೊಡಿ. ಒಂದಕ್ಷರ ಹೆಚ್ಚಿಗೆ ಬೇಡ."

"ಹೂಂ ಮೇಡಂ." ಶಿಕ್ಷೆಯ ಮಾತು ಕೇಳಿಯೂ ಅವನ ಹೆಗಲಿನಿಂದ ಏನೋ ಇಳಿದಿತ್ತು. ಅದು ನಿಜಕ್ಕೂ ಮರಿಯಾನೆಯಷ್ಟು ಭಾರವಿತ್ತು.

"ಮತ್ತೆ ಆ ಅರ್ಧ ನಿಮಿಷ?" ಎಂದ ಪಂಪ್‌ಮನ್. "ಭೂಮಿ ಮೇಲಿರೋ ಅಷ್ಟೂ ಕಂಪ್ಯೂಟರು?"

"ಒಂದೇ. ನನ್ನದು," ಎಂದ ತುತ್ತೂರಿ. "ಟೇಬಲ್ ಕೆಳಗೆ ಪ್ಲಗ್ ಸಡಿಲ ಆಗಿತ್ತು. ಮೇಷ್ಟ್ರು ಬಗ್ಗಿ ಒತ್ತಿದ್ರು."

ಅಕ್ಕ ಹಾಳೆಯನ್ನು ಅವನ ಕೈಗಿಟ್ಟರು. ಅವನು ಮಡಿಕೆ ಬಿಡಿಸಿದ. ನಲವತ್ತು ಸಾಲುಗಳಲ್ಲಿ ಅವನ ಟಿಕ್ಕಿನ ಪಕ್ಕ ಇನ್ನೊಂದು ಟಿಕ್ಕು ಬಿದ್ದಿತ್ತು, ಚಿಕ್ಕದು, ನಡುಗಿದ್ದು. ಇಪ್ಪತ್ತೊಂಬತ್ತನೆಯ ಸಾಲು ಈಗ ಖಾಲಿಯಿರಲಿಲ್ಲ. ಸೊಟ್ಟಸೊಟ್ಟಗೆ, ಒಂದೊಂದು ಅಕ್ಷರಕ್ಕೂ ಉಸಿರೆಳೆದುಕೊಂಡ ಹಾಗೆ, ಮೇಷ್ಟ್ರ ಕೈಬರಹ:

'ನನ್ನ ಹೆಸರನ್ನು ಹೋದವರ ಭಾಗಕ್ಕೆ ಸಾಗಿಸಿ, ಕೆಳಗೆ ಒಂದು ಸಾಲು ಬರೆಯುವುದು. ಇದು ತುತ್ತೂರಿಯ ಕೆಲಸ.'

ಅದರ ಪಕ್ಕದಲ್ಲಿ ಅವನ ಟಿಕ್ಕು ನಾಲ್ಕು ತಿಂಗಳ ಹಿಂದೆಯೇ ಬಿದ್ದು, ಬಾಲ ಬೀಸಿಕೊಂಡು, ಸೊಗಸಾಗಿ ನಿಂತಿತ್ತು.

"ಮೇಡಂ," ಎಂದ ತುತ್ತೂರಿ. "ರಬ್ಬರ್ ಇದೆಯಾ?"

ಮೇಡಂ ಚೀಲದಲ್ಲಿ ಹುಡುಕಿ, ತುದಿಗೆ ರಬ್ಬರಿದ್ದ ಗಿಡ್ಡ ಪೆನ್ಸಿಲೊಂದನ್ನು ಕೊಟ್ಟರು. ಅವನು ಹಾಳೆಯನ್ನು ಬೆಂಚಿನ ಮೇಲೆ ಹರವಿ, ಮೇಷ್ಟ್ರ ಅಕ್ಷರಕ್ಕೆ ತಾಗದಂತೆ ಹೆಬ್ಬೆರಳು ಅಡ್ಡವಿಟ್ಟು, ಟಿಕ್ಕನ್ನು ಉಜ್ಜತೊಡಗಿದ. ಒತ್ತಿ ಹಾಕಿದ್ದ ಟಿಕ್ಕು, ಬೇಗ ಹೋಗಲಿಲ್ಲ. ಕಾಗದ ಹರಿಯದ ಹಾಗೆ, ಬಾಯಿ ಬಿಡದೆ, ತುಂಬ ಹೊತ್ತು ಉಜ್ಜಿದ. ಕೊನೆಗೆ ರಬ್ಬರಿನ ಪುಡಿಯನ್ನು ಮೆಲ್ಲಗೆ ಊದಿದ. ಸಾಲಿನ ಪಕ್ಕದಲ್ಲಿ ಬೆಳ್ಳಗೆ, ಚೂರು ತೆಳ್ಳಗೆ, ಒಂದು ಖಾಲಿ ಜಾಗ ಉಳಿಯಿತು.